ಎಂಜಿನ್ ಆಮೇಲೆ ನೋಡೋಣ, ಮೊದಲು ಕೈ ಕುದುರಲಿ

ರಾಯಚೂರಿನಲ್ಲಿ ಭಾನುವಾರ ಬಿಸಿಲು ಇಳಿದ ಮೇಲೆ ಗ್ಯಾರೇಜುಗಳ ಮುಂದೆ ಒಂದು ಪಂಚಾಯಿತಿ ಸೇರುತ್ತದೆ. ಕೆಎ-36 ನಂಬರಿನ ಕೆಂಪು ಹ್ಯಾಚ್‌ಬ್ಯಾಕ್ ಕಾರಿನ ಬಾನೆಟ್ ಎತ್ತಿ ನಿಲ್ಲಿಸಿರುತ್ತಾರೆ. ಸುತ್ತ ನಿಂತವರಲ್ಲಿ ಅಕ್ಕಿ ಗಿರಣಿ ಮನೆತನದ ಹುಡುಗನಿರುತ್ತಾನೆ, ಹತ್ತಿ ಜಿನ್ನಿಂಗ್ ಮಿಲ್ಲಿನವನಿರುತ್ತಾನೆ, ಬೆಂಗಳೂರಿನ ಕಂಪನಿಯಿಂದ ರಜೆಗೆ ಬಂದ ಮಾನ್ವಿಯವನೂ ಇರುತ್ತಾನೆ. ಮಾತು ಸುತ್ತಿ ಸುತ್ತಿ ಒಂದೇ ಕಡೆ ಬಂದು ನಿಲ್ಲುತ್ತದೆ. "ಮ್ಯಾಪ್ ಹಾಕಿಸಿದ್ರ ಎಷ್ಟು ಎಚ್‌ಪಿ ಏರತೈತಿ?" ಮ್ಯಾಪ್ ಅಂದರೆ ಎಂಜಿನ್ನಿನ ಕಂಪ್ಯೂಟರ್ ಸೆಟ್ಟಿಂಗ್ ಬದಲಿಸುವುದು. ಸೈಲೆನ್ಸರ್ ಯಾವುದು, ಅಲಾಯ್ ಎಷ್ಟು ಇಂಚು, ಸ್ಪ್ರಿಂಗ್ ಎಷ್ಟು ತಗ್ಗಿಸಬೇಕು ಎಂಬ ಪ್ರಶ್ನೆಗಳು ಅದರ ಬೆನ್ನಿಗೇ ಬರುತ್ತವೆ. ಎಣ್ಣೆಗೈ ಒರೆಸಿಕೊಳ್ಳುತ್ತ ಮಿಸ್ತ್ರಿ ಬಗ್ಗಿ ಮುಂದಿನ ಚಕ್ರದ ಅಂಚು ಸವರುತ್ತಾನೆ. "ಅದೆಲ್ಲ ಇರ್ಲಿ ಅಣ್ಣಾ, ಟೈರ್ ನೋಡೀಯೇನು? ಒಂದ್ ಕಡೀಗೆ ತಿಂದು ಕುಂತೈತಿ."

ಮಿಸ್ತ್ರಿ ಕೇಳಿದ್ದೇ ಸರಿಯಾದ ಪ್ರಶ್ನೆ. ಟೈರಿನ ಒಂದೇ ಅಂಚು ಸವೆದಿದ್ದರೆ ಅಲೈನ್‌ಮೆಂಟ್ ಕೆಟ್ಟಿರಬಹುದು. ತಿರುವಿಗೆ ಜೋರಾಗಿ ನುಗ್ಗಿ, ಕಾರು ತಿರುಗಲಿಲ್ಲವೆಂದು ಸ್ಟೇರಿಂಗನ್ನು ಇನ್ನಷ್ಟು ತಿರುಚುವ ಚಾಳಿಯೂ ಇರಬಹುದು. ಈ ಎರಡನೆಯದಕ್ಕೆ ಯಾವ ಗ್ಯಾರೇಜಿನಲ್ಲೂ ಬಿಡಿಭಾಗ ಸಿಗುವುದಿಲ್ಲ.

ಟ್ರ್ಯಾಕ್ ಡೇ ಅಂದರೆ ರೇಸ್ ಅಲ್ಲ

ಟ್ರ್ಯಾಕ್ ಡೇ ಎಂಬ ಮಾತು ಈಗ ಜಿಲ್ಲಾ ಕೇಂದ್ರಗಳಲ್ಲೂ ಕಿವಿಗೆ ಬೀಳುತ್ತಿದೆ. ರೇಸಿಗೆಂದೇ ಕಟ್ಟಿದ ಮುಚ್ಚಿದ ರಸ್ತೆಯನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ಹಿಡಿದು, ಶುಲ್ಕ ಕೊಟ್ಟವರಿಗೆ ಅವರವರ ಕಾರು ಓಡಿಸಲು ಬಿಡುವ ಏರ್ಪಾಡು ಇದು. ಇಲ್ಲಿ ಗೆದ್ದವರೂ ಇಲ್ಲ, ಬಹುಮಾನವೂ ಇಲ್ಲ. ಎದುರಿಗೆ ವಾಹನ ಬರುವುದಿಲ್ಲ, ಎಮ್ಮೆ ಅಡ್ಡ ಬರುವುದಿಲ್ಲ. ತಿರುವಿನ ಹೊರಗೆ ತಪ್ಪಿದ ಕಾರು ಹೋಗಿ ನಿಲ್ಲಲು ಜಾಗ ಬಿಟ್ಟಿರುತ್ತಾರೆ, ಬಾವುಟ ಹಿಡಿದ ಮಾರ್ಷಲ್‌ಗಳು ಕಾದಿರುತ್ತಾರೆ. ಓವರ್‌ಟೇಕ್ ಸಾಮಾನ್ಯವಾಗಿ ನೇರ ಓಟದಲ್ಲಿ ಮಾತ್ರ, ಅದೂ ಮುಂದಿನವನು ಕೈ ತೋರಿಸಿ ದಾರಿ ಬಿಟ್ಟಾಗ.

ನಮ್ಮ ಜಿಲ್ಲೆಯಲ್ಲಿ ಅಂಥ ಟ್ರ್ಯಾಕ್ ಇಲ್ಲ. 2023ರ ಫೆಬ್ರುವರಿಯಲ್ಲಿ ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ ಫಾರ್ಮುಲಾ ಇ ನಡೆದಾಗ ರಾಯಚೂರಿನ ಹುಡುಗರಿಗೆ ರೇಸು ಮನೆ ಬಾಗಿಲಿಗೇ ಬಂದಂತೆ ಅನಿಸಿದ್ದೇನೋ ನಿಜ. ಆದರೆ ಅದು ಊರ ರಸ್ತೆಯನ್ನು ತಾತ್ಕಾಲಿಕವಾಗಿ ಮುಚ್ಚಿ ಮಾಡಿದ ಓಟ. ನಿಜವಾದ ಟ್ರ್ಯಾಕ್ ಬೇಕೆಂದರೆ ದಕ್ಷಿಣಕ್ಕೇ ಹೋಗಬೇಕು. ಚೆನ್ನೈ ಬಳಿಯ ಇರುಂಗಾಟ್ಟುಕೋಟ್ಟೈನಲ್ಲಿ 3.7 ಕಿ.ಮೀ. ಉದ್ದದ, 12 ತಿರುವುಗಳ ಮದ್ರಾಸ್ ಟ್ರ್ಯಾಕ್ ಇದೆ. ಕೊಯಮತ್ತೂರಿನ ಹೊರಗೆ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಎರಡೂ ಇಲ್ಲಿಂದ ಐನೂರು ಕಿಲೋಮೀಟರಿಗೂ ದೂರ. 1871ರಲ್ಲಿ ಮುಂಬೈ ಕಡೆಯ ರೈಲು ದಾರಿಯೂ ಮದ್ರಾಸ್ ಕಡೆಯದೂ ಕೂಡಿದ್ದು ನಮ್ಮ ರಾಯಚೂರಿನಲ್ಲೇ ಆದ್ದರಿಂದ ಚೆನ್ನೈ ನಮಗೆ ತೀರ ಪರ ಊರೇನಲ್ಲ. ಕಾರನ್ನು ಮಾತ್ರ ರೈಲಿಗೆ ಹತ್ತಿಸಲಾಗದು, ಓಡಿಸಿಕೊಂಡೇ ಹೋಗಬೇಕು. ಅಷ್ಟು ದೂರ ಹೋಗಿ ಸಿಗುವುದು ಕೆಲವೇ ಸುತ್ತುಗಳು. ಆ ಸುತ್ತುಗಳಲ್ಲಿ ಏನನ್ನು ಕಲಿತು ಬರುತ್ತೇವೆ ಎಂಬುದೇ ಖರ್ಚಿಗೆ ತಕ್ಕ ಪ್ರಶ್ನೆ.

ಅಂಗೈಯಗಲದ ನಾಲ್ಕು ತುಂಡು

ಕಾರು ಎಷ್ಟೇ ದುಬಾರಿಯದಾಗಿರಲಿ, ನೆಲಕ್ಕೆ ತಾಗುವುದು ಪ್ರತಿ ಟೈರಿನ ಅಂಗೈಯಗಲದ ರಬ್ಬರು ಮಾತ್ರ. ವೇಗ ಏರಿಸುವುದು, ಬ್ರೇಕ್ ಹಿಡಿಯುವುದು, ತಿರುಗುವುದು, ಈ ಮೂರೂ ಕೆಲಸ ಅಲ್ಲಿಂದಲೇ ಆಗಬೇಕು. ಆ ರಬ್ಬರಿಗೆ ನೆಲ ಹಿಡಿಯುವ ಶಕ್ತಿ ಇಷ್ಟೇ ಎಂಬ ಮಿತಿ ಇದೆ. ಅಷ್ಟನ್ನೂ ಬ್ರೇಕಿಗೇ ಕೊಟ್ಟರೆ ತಿರುಗಲು ಏನೂ ಉಳಿಯದು. ಪೂರ್ತಿ ತಿರುಗಿಸಿಕೊಂಡಿರುವಾಗ ಗಾಬರಿಯಾಗಿ ಬ್ರೇಕ್ ಒತ್ತಿದರೆ ಎರಡೂ ಕೈಕೊಡುತ್ತವೆ.

ಇದರ ಜೊತೆಗೆ ಕಾರಿನ ಭಾರ ನಿಂತಲ್ಲಿ ನಿಲ್ಲುವುದಿಲ್ಲ. ಬ್ರೇಕ್ ಹಿಡಿದಾಗ ಮುಂದಕ್ಕೆ, ಆಕ್ಸಿಲೇಟರ್ ಒತ್ತಿದಾಗ ಹಿಂದಕ್ಕೆ, ತಿರುಗಿದಾಗ ಹೊರಬದಿಗೆ ವಾಲುತ್ತದೆ. ಭಾರ ಬಿದ್ದ ಟೈರು ಗಟ್ಟಿಯಾಗಿ ಹಿಡಿಯುತ್ತದೆ, ಭಾರ ಇಳಿದದ್ದು ಜಾರುತ್ತದೆ. ತಿರುವಿನ ನಡುವೆ ಹೆದರಿ ಆಕ್ಸಿಲೇಟರಿನಿಂದ ದಿಢೀರನೆ ಕಾಲೆತ್ತಿದರೆ ಹಿಂಭಾಗ ಹೊರಕ್ಕೆ ಬೀಸುವುದು ಈ ಕಾರಣಕ್ಕೇ. ಒಳ್ಳೆಯ ಚಾಲಕ ಭಾರವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಮೆಲ್ಲನೆ ಸಾಗಿಸುತ್ತಾನೆ. ನೋಡುವವರಿಗೆ ಅವನು ನಿಧಾನ ಹೊಡೆಯುತ್ತಿದ್ದಾನೆ ಅನಿಸುತ್ತದೆ, ಗಡಿಯಾರ ಬೇರೆಯೇ ಹೇಳುತ್ತದೆ.

ಎಂಜಿನ್ನಿನ ಶಕ್ತಿ ಹೆಚ್ಚಿದರೆ ಈ ನಾಲ್ಕು ತುಂಡುಗಳ ಹಿಡಿತ ಒಂದು ಎಳ್ಳಷ್ಟೂ ಹೆಚ್ಚುವುದಿಲ್ಲ. ಅದೇ ತಿರುವಿಗೆ ಮೊದಲಿಗಿಂತ ಜೋರಾಗಿ ಬಂದು ತಲುಪುತ್ತೇವೆ, ಅಷ್ಟೆ.

ಐದು ಕಿಲೋಮೀಟರಿನ ಲೆಕ್ಕ

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ತಿರುವು ಮುಗಿದ ಮೇಲೆ 200 ಮೀಟರ್ ನೇರ ದಾರಿ ಇದೆ. ಸಾಧಾರಣ ಹ್ಯಾಚ್‌ಬ್ಯಾಕ್ ಒಂದು ಗಂಟೆಗೆ 60 ಕಿ.ಮೀ. ವೇಗದಲ್ಲಿ ತಿರುವಿನಿಂದ ಹೊರಬಿದ್ದು, ಪ್ರತಿ ಸೆಕೆಂಡಿಗೆ 7 ಕಿ.ಮೀ.ನಷ್ಟು ವೇಗ ಹೆಚ್ಚಿಸಿಕೊಳ್ಳುತ್ತ ಹೋಗುತ್ತದೆ ಎಂದಿಟ್ಟುಕೊಳ್ಳಿ. ನೇರ ದಾರಿ ದಾಟಲು ಸುಮಾರು 8 ಸೆಕೆಂಡು ಬೇಕು. ಈಗ ದುಡ್ಡು ಸುರಿದು ಎಂಜಿನ್ನಿನ ಎಳೆತವನ್ನು ಶೇ 10ರಷ್ಟು ಹೆಚ್ಚಿಸಿದೆವು. ಉಳಿಯುವುದು ಸೆಕೆಂಡಿನ ಐದನೇ ಒಂದು ಪಾಲು. ಎಂಜಿನ್ ಮುಟ್ಟದೆ, ಅದೇ ತಿರುವಿನಿಂದ 60ರ ಬದಲು 65ರಲ್ಲಿ ಹೊರಬರುವುದನ್ನು ಕಲಿತರೆ ಉಳಿಯುವುದು ಸೆಕೆಂಡಿನ ಮೂರನೇ ಒಂದು ಪಾಲು.

ಹೊಸಬರು ತಿರುವಿನ ಹೊರಬಾಯಿಯಲ್ಲಿ ಕಳೆದುಕೊಳ್ಳುವುದು ಐದೇ ಕಿ.ಮೀ. ಅಲ್ಲ, ಬಹಳ ಸಲ ಅದಕ್ಕಿಂತ ಹೆಚ್ಚು. ಕಾರಣ, ತಡವಾಗಿ ಬ್ರೇಕ್ ಹಿಡಿಯುವುದೇ ಶೌರ್ಯ ಎಂಬ ನಂಬಿಕೆ. ತಿರುವಿನೊಳಕ್ಕೆ ನುಗ್ಗಿ, ಅಲ್ಲಿ ಒದ್ದಾಡಿ, ಹೊರಬರುವಾಗ ಆಕ್ಸಿಲೇಟರ್ ಒತ್ತಲು ಧೈರ್ಯ ಸಾಲದೆ ಕಾಯುತ್ತಾರೆ. ಕಲಿಸುವವರು ಹೇಳುವುದು ತಿರುಗಾ ಮುರುಗಾ: ಒಳಹೋಗುವಾಗ ತಾಳ್ಮೆ, ಹೊರಬರುವಾಗ ರಭಸ. ಹೊರ ಅಂಚಿನಿಂದ ಶುರು ಮಾಡಿ, ತಿರುವಿನ ಒಳ ಮಗ್ಗುಲನ್ನು ಸವರಿ, ಮತ್ತೆ ಹೊರ ಅಂಚಿಗೆ ಹರಿದುಹೋದರೆ ತಿರುವಿನ ಬಾಗು ಸಡಿಲವಾಗುತ್ತದೆ, ಅಷ್ಟೇ ಹಿಡಿತದಲ್ಲಿ ಹೆಚ್ಚು ವೇಗ ಸಿಗುತ್ತದೆ.

ಮಾರುತಿ 800ರ ಎಂಜಿನ್ನಿನಲ್ಲಿ ಕಲಿತವರು

ನಮ್ಮ ದೇಶದ ರೇಸಿಂಗ್ ಇತಿಹಾಸವೇ ಈ ಮಾತಿಗೆ ಸಾಕ್ಷಿ. ಕೊಯಮತ್ತೂರಿನ ಎಸ್. ಕರಿವರ್ಧನ್ 1980ರ ದಶಕದ ಕೊನೆಯಲ್ಲಿ ಫಾರ್ಮುಲಾ ಮಾರುತಿ ಎಂಬ ಒಂಟಿ ಸೀಟಿನ ಕಾರು ಕಟ್ಟಿದರು. ಅದರಲ್ಲಿದ್ದದ್ದು ನಮ್ಮ ಓಣಿಗಳಲ್ಲಿ ಓಡಾಡುತ್ತಿದ್ದ ಮಾರುತಿ 800ರ ಅದೇ 796 ಸಿಸಿ ಎಂಜಿನ್. ಶಕ್ತಿ ನಲವತ್ತು ಅಶ್ವಬಲದ ಆಸುಪಾಸು. ಇವತ್ತಿನ ಶೋರೂಮಿನ ಯಾವ ಹ್ಯಾಚ್‌ಬ್ಯಾಕಿನ ಮುಂದೆಯೂ ಅದು ನಾಚಿಕೊಳ್ಳಬೇಕು.

ಆ ಕಾರನ್ನು ಓಡಿಸಿದವರಲ್ಲಿ ನರೈನ್ ಕಾರ್ತಿಕೇಯನ್ ಒಬ್ಬರು. 1992ರಲ್ಲಿ ಫ್ರಾನ್ಸಿನ ವಿನ್‌ಫೀಲ್ಡ್ ರೇಸಿಂಗ್ ಶಾಲೆಯಲ್ಲಿ ಕಲಿಯಲು ಹೋದ ಅವರು, 2005ರಲ್ಲಿ ಜೋರ್ಡನ್ ತಂಡದ ಕಾರಿನಲ್ಲಿ ಕುಳಿತು ಫಾರ್ಮುಲಾ ಒನ್ ಓಡಿದ ಮೊದಲ ಭಾರತೀಯರಾದರು. ಕರಿವರ್ಧನ್ ಅದನ್ನು ನೋಡಲು ಇರಲಿಲ್ಲ. 1995ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಕೊಯಮತ್ತೂರಿನ ಟ್ರ್ಯಾಕಿಗೆ ಇಟ್ಟಿರುವುದು ಅವರದೇ ಹೆಸರು.

ಬಲ ಕಡಿಮೆಯಿರುವ ಕಾರು ಗುರುವಿನಂತೆ ಕಟ್ಟುನಿಟ್ಟು. ತಿರುವಿನಲ್ಲಿ ಕಳೆದುಕೊಂಡ ವೇಗವನ್ನು ಅದು ಮರಳಿ ಕೊಡುವುದಿಲ್ಲ, ಮುಂದಿನ ನೇರ ದಾರಿ ಪೂರ್ತಿ ಆ ತಪ್ಪಿನ ಬಡ್ಡಿ ಕಟ್ಟಬೇಕು. ಬಲಶಾಲಿ ಕಾರಿನಲ್ಲಿ ತಪ್ಪು ಮಾಡಿಯೂ ಕಾಲು ಒತ್ತಿದರೆ ಮುಚ್ಚಿಹೋಗುತ್ತದೆ. ತಪ್ಪು ಗೊತ್ತೇ ಆಗದವನು ತಿದ್ದಿಕೊಳ್ಳುವುದು ಏನನ್ನು? ದುಬಾರಿ ಕಾರು ಕೊಂಡ ಮೊದಲ ವರ್ಷವೇ ಟ್ರ್ಯಾಕಿಗೆ ಇಳಿಯುವವರ ಬಗ್ಗೆ ನನಗೆ ಹೊಟ್ಟೆಕಿಚ್ಚಿಗಿಂತ ಮರುಕ ಹೆಚ್ಚು.

ಬೆಂಗಳೂರಿಗೆ ಹೋಗಿ ಬರುವವರಿಗೆ ಇನ್ನೂ ಅಗ್ಗದ ಪಾಠಶಾಲೆ ಇದೆ. ಮೆಕೊ ಕಾರ್ಟೋಪಿಯಾದಂಥ ಗೋ-ಕಾರ್ಟ್ ಟ್ರ್ಯಾಕುಗಳಲ್ಲಿ ಬಾಡಿಗೆ ಕಾರ್ಟಿಗೆ ಗೇರೂ ಇಲ್ಲ, ಸಸ್ಪೆನ್ಶನ್ನೂ ಇಲ್ಲ. ಕೂತವನು ಮಾಡಿದ ಪ್ರತಿ ತಪ್ಪೂ ನೇರ ಬೆನ್ನಿಗೇ ತಿಳಿಯುತ್ತದೆ. ಎಲ್ಲರಿಗೂ ಹೆಚ್ಚುಕಡಿಮೆ ಒಂದೇ ಬಗೆಯ ಕಾರ್ಟ್ ಆದ್ದರಿಂದ, ಪಕ್ಕದವನು ಮೂರು ಸೆಕೆಂಡು ಮುಂದಿದ್ದರೆ ಗಾಡಿಯ ಮೇಲೆ ಗೂಬೆ ಕೂರಿಸುವ ಹಾಗಿಲ್ಲ.

ಒಂದೂವರೆ ಲೀಟರ್ ನೀರು ಕುದಿಸುವ ಬಿಸಿ

ಟ್ರ್ಯಾಕಿನಲ್ಲಿ ಮೊದಲು ಸೋಲುವುದು ಎಂಜಿನ್ ಅಲ್ಲ, ಬ್ರೇಕು. 1,200 ಕೆ.ಜಿ. ತೂಕದ ಕಾರನ್ನು ಗಂಟೆಗೆ 100 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸಿದರೆ ಬ್ರೇಕುಗಳಲ್ಲಿ ಹುಟ್ಟುವ ಬಿಸಿ, ಒಂದೂವರೆ ಲೀಟರ್ ತಣ್ಣೀರನ್ನು ಕುದಿಸಲು ಸಾಕು. ವೇಗ 140 ಆದರೆ ಅದು ಮೂರು ಲೀಟರಿಗೆ ಏರುತ್ತದೆ. ಟ್ರ್ಯಾಕಿನಲ್ಲಿ ಪೂರ್ತಿ ನಿಲ್ಲಿಸುವುದಿಲ್ಲ ನಿಜ, ಆದರೆ ಸುತ್ತು ಸುತ್ತಿಗೂ ಪ್ರತಿ ದೊಡ್ಡ ತಿರುವಿನ ಮುಂದೆ ಬ್ರೇಕ್ ಬೀಳುತ್ತಲೇ ಇರುತ್ತದೆ. ಡಿಸ್ಕ್ ತಣಿಯಲು ಬಿಡುವೇ ಇಲ್ಲ.

ಆ ಬಿಸಿ ಪ್ಯಾಡ್‌ಗಳನ್ನು ದಾಟಿ ಬ್ರೇಕ್ ಆಯಿಲ್‌ಗೆ ತಲುಪುತ್ತದೆ. ಇದು ಗಾಳಿಯ ತೇವವನ್ನು ಹೀರುವ ದ್ರವ. ಹೊಸ ಡಾಟ್ 4 ದರ್ಜೆಯದು ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ಮಾನದಂಡ. ನೀರು ಸೇರಿ ಹಳತಾದ ಮೇಲೆ ಕುದಿಬಿಂದು 155ರ ಆಸುಪಾಸಿಗೆ ಇಳಿಯಬಹುದು. ಕುದಿದರೆ ಪೈಪಿನೊಳಗೆ ಆವಿಗುಳ್ಳೆ ಏಳುತ್ತದೆ. ಆಗ ಪೆಡಲ್ ಒತ್ತಿದರೆ ಮೆತ್ತಗೆ ತಳ ಮುಟ್ಟುತ್ತದೆ, ಕಾರು ನಿಲ್ಲುವುದಿಲ್ಲ. ಆದ್ದರಿಂದ ಟ್ರ್ಯಾಕಿಗೆ ಹೊರಡುವವರು ಮೊದಲು ದುಡ್ಡು ಹಾಕಬೇಕಾದದ್ದು ಹೊಸ ಬ್ರೇಕ್ ಆಯಿಲ್‌ಗೆ, ದಪ್ಪವಿರುವ ಪ್ಯಾಡ್‌ಗಳಿಗೆ, ಸರಿಯಾದ ಟೈರಿಗೆ. ಇದನ್ನು ಅಪ್‌ಗ್ರೇಡ್ ಅನ್ನುವುದೂ ತಪ್ಪು. ಗಾಡಿ ನೆಟ್ಟಗಿಟ್ಟುಕೊಳ್ಳುವುದು ಅನ್ನಬೇಕು.

ರಾಯಚೂರಿನವರಿಗೆ ಬಿಸಿಲಿನ ಲೆಕ್ಕ ಬೇರೆ ಹೇಳಬೇಕಿಲ್ಲ. ಟೈರಿನೊಳಗಿನ ಗಾಳಿ 10 ಡಿಗ್ರಿ ಕಾದರೆ ಒತ್ತಡ ಸುಮಾರು ಒಂದೂವರೆ ಪಿಎಸ್‌ಐ ಏರುತ್ತದೆ. ಬೆಳಗಿನ ತಂಪಿನಲ್ಲಿ 32 ತುಂಬಿಸಿದ ಟೈರು ಟ್ರ್ಯಾಕಿನಲ್ಲಿ ನಾಲ್ಕಾರು ಸುತ್ತು ಹಾಕುವಷ್ಟರಲ್ಲಿ 38 ದಾಟಿರಬಹುದು. ಉಬ್ಬಿದ ಟೈರಿನ ನಡುಭಾಗ ಮಾತ್ರ ನೆಲಕ್ಕೆ ತಾಗಿ ಹಿಡಿತ ಕುಗ್ಗುತ್ತದೆ. ಬಿಸಿಯಿದ್ದಾಗಲೇ ಅಳೆದು ಇಳಿಸುವ ಒಂದು ಸಣ್ಣ ಗೇಜು, ಅಲಾಯ್ ಚಕ್ರಗಳಿಗಿಂತ ನೂರು ಪಾಲು ಅಗ್ಗ, ಅವಕ್ಕಿಂತ ಹೆಚ್ಚು ಉಪಯೋಗಿ.

ಎರೆ ನೆಲದ ಮೇಲೆ ತಗ್ಗಿಸಿದ ಕಾರು

ಮಾನ್ವಿ, ಸಿಂಧನೂರು ಕಡೆಯ ರಸ್ತೆಗಳಲ್ಲಿ ಓಡಾಡಿದವರಿಗೆ ಗೊತ್ತು, ಡಾಂಬರು ಹೊಸದಾಗಿದ್ದರೂ ಕಾರು ದೋಣಿಯ ಹಾಗೆ ಏರಿಳಿಯುತ್ತದೆ. ಅಡಿಯಲ್ಲಿರುವುದು ಎರೆ ಮಣ್ಣು. ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗಿ ಬಿರಿಯುವ ಈ ಮಣ್ಣು ಮೇಲಿನ ರಸ್ತೆಯನ್ನೂ ತನ್ನ ಜೊತೆ ಎತ್ತಿ ಇಳಿಸುತ್ತದೆ. ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ ಕಾರಿಗೆ ಇಲ್ಲಿ ಮೇಲೆ ಕೆಳಗೆ ಆಡಲು ಜಾಗ ಉಳಿದಿರುವುದಿಲ್ಲ. ಉಬ್ಬಿನ ಮೇಲೆ ತಳ ಬಡಿದ ಕ್ಷಣ ಟೈರು ನೆಲ ಬಿಡುತ್ತದೆ. ಆ ಹೊತ್ತಿಗೆ ತಿರುವು ಎದುರಾಗಿದ್ದರೆ ದೇವರೇ ಗತಿ. ರೇಸ್ ಕಾರು ತಗ್ಗಾಗಿರುವುದು ಕನ್ನಡಿಯಂಥ ಟ್ರ್ಯಾಕಿಗಾಗಿ, ನೀರಮಾನ್ವಿಯ ದಾರಿಗಾಗಿ ಅಲ್ಲ.

ದೇವದುರ್ಗದ ದಾರಿಯಲ್ಲಿ ಕಲಿಯಬಹುದಾದದ್ದು

ಕಲ್ಮಲಾದಿಂದ ಗಬ್ಬೂರು, ದೇವದುರ್ಗ ಹಾದು ತಿಂಥಣಿ ಸೇತುವೆಯತ್ತ ಹೋಗುವ ರಸ್ತೆ ವೇಗ ಕಲಿಯುವ ಜಾಗವಲ್ಲ. ಮರಳು ಲಾರಿ, ಹುಲ್ಲು ಹೇರಿ ರಸ್ತೆ ತುಂಬ ಹರಡಿಕೊಂಡ ಟ್ರ್ಯಾಕ್ಟರು, ಸುಗ್ಗಿಯಲ್ಲಿ ಡಾಂಬರಿನ ಮೇಲೇ ಒಣಹಾಕಿದ ಕಾಳು, ಇವುಗಳ ನಡುವೆ ವೇಗ ಪರೀಕ್ಷಿಸುವವನು ಇನ್ನೊಬ್ಬರ ಮನೆಯ ದೀಪದ ಜೊತೆ ಆಟವಾಡುತ್ತಾನೆ. ಆದರೆ ವೇಗವಿಲ್ಲದೆಯೂ ಕಲಿಯಬಹುದಾದ ಮೂಲಪಾಠಗಳಿವೆ, ಅವಕ್ಕೆ ಈ ದಾರಿಯೇ ಧಾರಾಳ.

ಮೊದಲನೆಯದು ಕೂರುವ ರೀತಿ. ನಮ್ಮಲ್ಲಿ ಬಹಳ ಮಂದಿ ಸೀಟನ್ನು ಹಿಂದಕ್ಕೆ ವಾಲಿಸಿ, ಒಂದು ಕೈ ಸ್ಟೇರಿಂಗಿನ ನೆತ್ತಿಯ ಮೇಲಿಟ್ಟು, ಇನ್ನೊಂದು ಕೈ ಕಿಟಕಿಗೆ ಕೊಟ್ಟು ಓಡಿಸುತ್ತಾರೆ. ನೋಡಲು ಗತ್ತು, ಓಡಿಸಲು ಕುತ್ತು. ಬೆನ್ನನ್ನು ಸೀಟಿಗೆ ಪೂರ್ತಿ ಅಂಟಿಸಿ, ಭುಜ ಎತ್ತದೆ ಕೈ ಚಾಚಿದರೆ ಮಣಿಕಟ್ಟು ಸ್ಟೇರಿಂಗಿನ ಮೇಲಂಚಿನಲ್ಲಿ ಕೂರಬೇಕು. ಬ್ರೇಕನ್ನು ತಳದವರೆಗೆ ಒತ್ತಿದಾಗಲೂ ಮೊಣಕಾಲು ಚೂರು ಮಡಿಸಿರಬೇಕು. ಕೈಗಳು ಗಡಿಯಾರದ ಒಂಬತ್ತು ಮತ್ತು ಮೂರರ ಜಾಗದಲ್ಲಿ. ಇಷ್ಟು ಸರಿಮಾಡಿಕೊಂಡರೆ ಟೈರು ಜಾರಲು ಹೊರಟಾಗ ಸ್ಟೇರಿಂಗ್ ಹಗುರಾಗುವುದು ಬೆರಳಿಗೆ ತಿಳಿಯತೊಡಗುತ್ತದೆ.

ಇನ್ನು ಬ್ರೇಕು. ಸಾಮಾನ್ಯ ಚಾಲಕರು ಮೊದಲು ಹಗುರವಾಗಿ ಒತ್ತಿ, ಹತ್ತಿರ ಬಂದಂತೆ ಜೋರು ಮಾಡುತ್ತಾರೆ. ಕೊನೆಗೆ ಎಲ್ಲರ ತಲೆ ಮುಂದಕ್ಕೆ ವಾಲಿ ಹಿಂದಕ್ಕೆ ಬೀಳುತ್ತದೆ. ಟ್ರ್ಯಾಕಿನ ಪಾಠ ತದ್ವಿರುದ್ಧ. ಕಾರು ನೇರವಾಗಿರುವಾಗಲೇ ಮೊದಲು ಗಟ್ಟಿ, ವೇಗ ಇಳಿದಂತೆ ಸಡಿಲ. ಅದರ ಸೌಮ್ಯ ರೂಪವನ್ನು ಮಾನ್ವಿಯ ಬಸ್ ನಿಲ್ದಾಣದ ಎದುರಿನ ಗದ್ದಲದಲ್ಲೂ ಅಭ್ಯಾಸ ಮಾಡಬಹುದು. ಕಾರು ನಿಲ್ಲುವ ಒಂದು ಗಳಿಗೆ ಮೊದಲು ಪೆಡಲನ್ನು ಕೂದಲೆಳೆಯಷ್ಟು ಬಿಡಿ. ಪಕ್ಕದಲ್ಲಿ ಕೂತ ಅಜ್ಜಿಯ ತಲೆ ಅಲುಗದಿದ್ದರೆ ನೀವು ಪಾಸು.

ಮೂರನೆಯದು ಕಣ್ಣು. ಗಂಟೆಗೆ 100 ಕಿ.ಮೀ. ಅಂದರೆ ಸೆಕೆಂಡಿಗೆ 28 ಮೀಟರ್. ಕಾಲು ಬ್ರೇಕಿಗೆ ಹೋಗುವ ಒಂದು ಸೆಕೆಂಡಿನಲ್ಲೇ ಅಷ್ಟು ದೂರ ಮುಗಿದಿರುತ್ತದೆ. ಆಮೇಲೆ ಒಣ ರಸ್ತೆಯಲ್ಲೂ ನಿಲ್ಲಲು ಇನ್ನು 45ರಿಂದ 50 ಮೀಟರ್ ಬೇಕು. ವೇಗ ದುಪ್ಪಟ್ಟಾದರೆ ಬ್ರೇಕಿನ ದೂರ ನಾಲ್ಕು ಪಟ್ಟು. ಬಾನೆಟ್ಟಿನ ಮುಂದೆಯೇ ಕಣ್ಣು ನೆಟ್ಟವನಿಗೆ ಎಲ್ಲವೂ ದಿಢೀರನೆ ಎದುರಾಗುತ್ತದೆ. ತಿರುವಿನ ಆಚೆಗಿನ ಬಾಯಿ ಹುಡುಕುವ ಕಣ್ಣಿಗೆ ಕೈ ತಾನಾಗಿ ಹಿಂಬಾಲಿಸುತ್ತದೆ.

ರಸ್ತೆಯಲ್ಲಿ ಕಲಿಯಲಾಗದ, ಟ್ರ್ಯಾಕಿನಲ್ಲಿ ಮಾತ್ರ ಸಾಧ್ಯವಾದ ಒಂದು ಪಾಠ ಎಬಿಎಸ್, ಅಂದರೆ ಜೋರು ಬ್ರೇಕಿನಲ್ಲಿ ಚಕ್ರ ಲಾಕ್ ಆಗದಂತೆ ತಡೆಯುವ ಏರ್ಪಾಡು. 2019ರ ಏಪ್ರಿಲಿನಿಂದ ಹೊಸ ಕಾರುಗಳಿಗೆಲ್ಲ ಇದು ಕಡ್ಡಾಯ. ಹಾಗಿದ್ದೂ ಎಷ್ಟೋ ಮಾಲೀಕರಿಗೆ ಅದು ಕೆಲಸ ಮಾಡುವಾಗ ಕಾಲಡಿ ಪೆಡಲ್ ದಡದಡ ಅನ್ನುತ್ತದೆ ಎಂಬುದೇ ಗೊತ್ತಿಲ್ಲ. ಮೊದಲ ಸಲ ಆ ನಡುಕ ಬಂದೊಡನೆ ಏನೋ ಮುರಿಯಿತೆಂದು ಹೆದರಿ ಕಾಲೆತ್ತಿಬಿಡುತ್ತಾರೆ. ಬೇಕಾದದ್ದು ಮಾತ್ರ ಇನ್ನಷ್ಟು ಒತ್ತಿ ಹಿಡಿಯುವುದು.

ಕಾಗದಪತ್ರದ ಕಡೆ ಒಂದು ನೋಟ

ಹುಡುಗರು ಅಷ್ಟಾಗಿ ಕೇಳದ, ಅಪ್ಪಂದಿರು ಕೇಳಬೇಕಾದ ಭಾಗ ಇದು. ತಯಾರಕರು ಕೊಟ್ಟ ಮೂಲ ರಚನೆಯನ್ನು ಮನಸ್ಸಿಗೆ ಬಂದಂತೆ ಬದಲಿಸಲು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಬಿಡುವುದಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತಪಡಿಸಿತು. ಒಂದೊಂದು ಮಾರ್ಪಾಟಿಗೂ 5,000 ರೂಪಾಯಿ ದಂಡ ಬೀಳಬಹುದು, ಆರು ತಿಂಗಳವರೆಗೆ ಸೆರೆಯೂ ಆಗಬಹುದು. ಸಾರ್ವಜನಿಕ ರಸ್ತೆಯಲ್ಲಿ ರೇಸ್ ಹಚ್ಚುವುದು ಬೇರೆಯೇ ಅಪರಾಧ.

ಇದಕ್ಕಿಂತ ದೊಡ್ಡ ಏಟು ವಿಮೆಯದು. ಖಾಸಗಿ ಕಾರಿನ ಪಾಲಿಸಿಯಲ್ಲಿ ಸಂಘಟಿತ ರೇಸಿಂಗ್, ವೇಗ ಪರೀಕ್ಷೆ ಮುಂತಾದ ಬಳಕೆಗೆ ರಕ್ಷಣೆ ಇಲ್ಲವೆಂದು ಸಣ್ಣ ಅಕ್ಷರಗಳಲ್ಲಿ ಬರೆದಿರುತ್ತದೆ. ಟ್ರ್ಯಾಕಿನಲ್ಲಿ ಗೋಡೆಗೆ ಗುದ್ದಿದರೆ ದುರಸ್ತಿಯ ಪೂರ್ತಿ ಬಿಲ್ಲು ಮಾಲೀಕನ ತಲೆಗೇ ಬರುತ್ತದೆ ಎಂದುಕೊಂಡೇ ಹೊರಡಬೇಕು. ಕೆಟ್ಟರೂ ಎದೆ ಒಡೆಯದಂಥ ಕಾರಿನಲ್ಲಿ ಕಲಿಯಿರಿ ಎಂದು ಅನುಭವಸ್ಥರು ಹೇಳುವುದು ಈ ಕಾರಣಕ್ಕೂ ಹೌದು.

ಹಾಗಾದರೆ ದುಡ್ಡು ಹಾಕುವುದು ಯಾವಾಗ?

ಎಂದಿಗೂ ಬೇಡ ಎಂದಲ್ಲ. ಕಾರೇ ಅಡ್ಡಿಯಾಗುವ ಘಟ್ಟ ಒಂದು ಬರುತ್ತದೆ, ಅದನ್ನು ಗುರುತಿಸಲು ಮೊಬೈಲಿನ ಲ್ಯಾಪ್ ಟೈಮರ್ ಸಾಕು. ಅತಿ ವೇಗದ ಒಂದು ಸುತ್ತನ್ನು ನೋಡಿ ಹಿಗ್ಗಬೇಡಿ, ಒಂದರ ಹಿಂದೊಂದು ಹಾಕಿದ ಸುತ್ತುಗಳನ್ನು ನೋಡಿ. ಒಂದು ಸುತ್ತು ಎರಡು ನಿಮಿಷ 30 ಸೆಕೆಂಡು, ಮುಂದಿನದು 35, ಅದರ ಮುಂದಿನದು 31 ಎಂದು ಕುಣಿಯುತ್ತಿದ್ದರೆ ಎಂಜಿನ್ ಬದಲಿಸಿ ಏನೂ ಗಿಟ್ಟದು. ಎಲ್ಲ ಸುತ್ತುಗಳೂ ಒಂದೇ ಸೆಕೆಂಡಿನ ಅಂತರದಲ್ಲಿ ಬರತೊಡಗಿ, ಪಕ್ಕದ ಸೀಟಿನಲ್ಲಿ ಕೂತ ತರಬೇತುದಾರರಿಗೂ ತಿದ್ದಲು ಹೆಚ್ಚೇನೂ ಉಳಿಯದಿದ್ದಾಗ ಕಾರಿನತ್ತ ತಿರುಗಬಹುದು. ಅದಕ್ಕೂ ಮುಂಚೆ ಆ ತರಬೇತುದಾರರನ್ನೇ ಒಂದು ಸುತ್ತು ನಿಮ್ಮ ಕಾರು ಓಡಿಸಿ ತೋರಿಸಲು ಕೇಳಿ. ಅದೇ ಟೈರು, ಅದೇ ಎಂಜಿನ್ನಿನಲ್ಲಿ ಅವರು ಐದಾರು ಸೆಕೆಂಡು ಉಳಿಸಿದರೆ, ಮ್ಯಾಪ್ ಹಾಕಿಸಲು ತೆಗೆದಿಟ್ಟ ದುಡ್ಡಿನಲ್ಲಿ ಇನ್ನೊಂದು ಟ್ರ್ಯಾಕ್ ಡೇಗೆ ಹೆಸರು ಬರೆಸುವುದು ಲೇಸು.

ಇನ್ನು ಟ್ರ್ಯಾಕ್ ಡೇ ಮುಗಿಸುವ ಬಗೆ. ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದೆ ನಿಧಾನ ಹಾಕಿ ಕಾರನ್ನು ತಣಿಸಬೇಕು. ನಿಲ್ಲಿಸಿದ ಮೇಲೆ ಹ್ಯಾಂಡ್‌ಬ್ರೇಕ್ ಎಳೆಯಬಾರದು, ಕಾದ ಡಿಸ್ಕಿಗೆ ಪ್ಯಾಡ್ ಒತ್ತಿಕೊಂಡು ಕೂತರೆ ಕೆಡುತ್ತದೆ. ಗೇರಿನಲ್ಲಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಬಿಡುವುದು ರೂಢಿ. ಆಮೇಲೆ ಪ್ಯಾಡ್ ಎಷ್ಟು ಉಳಿದಿದೆ ನೋಡಿ, ಟೈರಿಗೆ ರಸ್ತೆಯ ಲೆಕ್ಕದ ಗಾಳಿ ಮತ್ತೆ ತುಂಬಿಸಿ, ಚಕ್ರದ ನಟ್ಟುಗಳನ್ನು ಒಮ್ಮೆ ಬಿಗಿಮಾಡಿಕೊಳ್ಳಬೇಕು. ರಾತ್ರಿಯೇ ಹೊರಡುವ ಹಟ ಬೇಡ. ಇಡೀ ದಿನ ಟ್ರ್ಯಾಕಿನಲ್ಲಿ ಓಡಿಸಿದ ಕಣ್ಣಿಗೆ ಹೆದ್ದಾರಿಯ 80 ಕಿ.ಮೀ. ವೇಗ ನಿಂತ ಹಾಗೆ ಕಾಣುತ್ತದೆ, ಅಲ್ಲಿ ಮಾತ್ರ ಎದುರಿನಿಂದ ಲಾರಿಗಳು ಬರುತ್ತಿರುತ್ತವೆ.